ತನ್ನ ದಾವೆಗೆ ತಾನೇ ದನಿ

ದೂರದ ಸಂಬಂಧಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಗಂಡ ಖರ್ಚಿಗೆ ಕೊಡದೆ ಮೂರು ವರ್ಷವಾಗಿದೆ. ಕರೆದುಕೊಂಡು ಹೋಗುವುದಿಲ್ಲ, ತಲಾಖೂ ಕೊಡುವುದಿಲ್ಲ. “ಆಪಾ, ವಕೀಲರಿಗೆ ಕೊಡಲು ನನ್ನ ಹತ್ತಿರ ದುಡ್ಡಿಲ್ಲ. ಕೋರ್ಟಿನಲ್ಲಿ ನಾನೇ ಮಾತಾಡಬಹುದಾ?” ಎಂದು ಕೇಳಿದಳು. ಮಾತಾಡಬಹುದು ಎಂದೆ. ಆದರೆ ಆ ಮಾತಿಗೆ ಕಾನೂನಿನಲ್ಲಿ ಜಾಗ ಸಿಗಲು ಹಿಡಿದ ಕಾಲ ಸಣ್ಣದಲ್ಲ.

ಹೆಣ್ಣು ತಾನೇ ಹೋಗಿ ಬಿಡುಗಡೆ ಕೇಳುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಸಾಬಿತ್ ಬಿನ್ ಖೈಸ್‌ರ ಪತ್ನಿ ಪ್ರವಾದಿ(ಸ)ಯವರ ಬಳಿಗೆ ತಾವೇ ಹೋಗಿ, ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ದೋಷವಿಲ್ಲ, ಆದರೂ ಅವರೊಡನೆ ಬಾಳಲಾರೆ ಎಂದರು. ಮಹರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸಿ ಬಿಡುಗಡೆ ಪಡೆದರು. ಅವರ ಪರವಾಗಿ ಯಾರೂ ವಾದಿಸಲಿಲ್ಲ.

ಭಾರತದಲ್ಲಿ ಈ ಬಾಗಿಲು ಮುಚ್ಚುತ್ತಾ ಬಂತು. ಇಲ್ಲಿ ಹೆಚ್ಚಾಗಿ ಅನುಸರಿಸುವ ಹನಫಿ ಪಂಥದ ಪ್ರಕಾರ, ಗಂಡ ಅನ್ನ ಬಟ್ಟೆ ಕೊಡದಿದ್ದರೂ ನಾಪತ್ತೆಯಾದರೂ ಹೆಂಡತಿಗೆ ಬಿಡುಗಡೆ ಬಹಳ ಕಷ್ಟವಾಗಿತ್ತು. 1864ರಲ್ಲಿ ಬ್ರಿಟಿಷರು ನ್ಯಾಯಾಲಯಗಳಿಗೆ ಸಲಹೆ ನೀಡುತ್ತಿದ್ದ ಖಾಝಿ, ಮುಫ್ತಿಗಳ ಹುದ್ದೆಗಳನ್ನೂ ತೆಗೆದುಹಾಕಿದರು. ದಾರಿ ಕಾಣದ ಕೆಲವು ಹೆಣ್ಣುಮಕ್ಕಳು, ಮುಖ್ಯವಾಗಿ ಪಂಜಾಬಿನಲ್ಲಿ, ಮದುವೆಯಿಂದ ಪಾರಾಗಲೆಂದೇ ಧರ್ಮ ಬಿಟ್ಟರು. ಆಗ ಉಲಮಾಗಳು ಬೆಚ್ಚಿಬಿದ್ದರು. ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದ ಆರಂಭದಲ್ಲಿ ‘ಅಲ್ ಹೀಲತುನ್ನಾಜಿಝಾ’ ಬರೆದು, ಮಾಲಿಕಿ ಪಂಥದ ಉದಾರ ನಿಯಮಗಳನ್ನು ಹನಫಿಗಳೂ ಬಳಸಬಹುದೆಂದು ತೋರಿಸಿದರು. ಆ ಚಿಂತನೆಯ ಬೆಂಬಲದಿಂದ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಬಾಯಿಲ್ಲದ ಹೆಣ್ಣುಗಳ ಸಂಕಟವೇ ಆ ಕಾಯ್ದೆಯನ್ನು ಬರೆಸಿತು.

ಗಂಡ 4 ವರ್ಷ ನಾಪತ್ತೆಯಾಗಿದ್ದರೆ, 2 ವರ್ಷ ಜೀವನಾಂಶ ಕೊಡದಿದ್ದರೆ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸದ ಶಿಕ್ಷೆಗೆ ಒಳಗಾಗಿದ್ದರೆ, ಕ್ರೌರ್ಯ ನಡೆಸಿದರೆ ಹೆಂಡತಿ ನ್ಯಾಯಾಲಯಕ್ಕೆ ಹೋಗಬಹುದು. ಇಂತಹ ಇನ್ನೂ ಕೆಲವು ಕಾರಣಗಳಿವೆ. ಈ ಕಾಯ್ದೆಯಡಿ ಬಿಡುಗಡೆ ಪಡೆದರೂ ಮಹರ್‌ನ ಹಕ್ಕು ಹೋಗುವುದಿಲ್ಲ. 5ನೆಯ ಕಲಮು ಅದನ್ನು ಕಾಯುತ್ತದೆ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ 13ನೆಯ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ಅಗತ್ಯ ಕಂಡರೆ ನ್ಯಾಯಾಲಯವೇ ಕಾನೂನು ತಜ್ಞರ ನೆರವು ಪಡೆಯಬಹುದು. ಮೊದಲು ರಾಜಿಗೆ ಯತ್ನ ನಡೆಯುತ್ತದೆ. ಕೇಳಿಕೊಂಡರೆ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ.

ಆದರೆ ತಾನೇ ಮಾತಾಡುವವಳು ಬರಿಗೈಯಲ್ಲಿ ಹೋಗಬಾರದು. ಕಣ್ಣೀರು ಕಾರಣವಾಗುವುದಿಲ್ಲ, ತಾರೀಖು ಆಗುತ್ತದೆ. ಕಾಯ್ದೆಯ ಯಾವ ಕಾರಣಕ್ಕೆ ತನ್ನ ಬದುಕು ಹೊಂದುತ್ತದೆಂದು ಮೊದಲು ನಿರ್ಧರಿಸಬೇಕು. ನಿಕಾಹ್‌ನಾಮಾ, ಮಕ್ಕಳ ಜನನ ಪತ್ರ, ಬ್ಯಾಂಕಿನ ಪಾಸ್‌ಪುಸ್ತಕ, ಬಂದ ಪತ್ರಗಳು, ಕಂಡವರ ಸಾಕ್ಷಿ ಇವೆಲ್ಲ ಆ ಒಂದು ಕಾರಣದ ಸುತ್ತ ಸೇರಬೇಕು. ಪಾಟೀಸವಾಲಿನ ಭಯವಿದ್ದರೆ ನಾಚಿಕೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವಿನ ಹಕ್ಕಿದೆ.

ಎಲ್ಲ ಕೇಳಿದ ಆಕೆ ಮಗನ ಹಳೆಯ ನೋಟ್‌ಬುಕ್ಕು ತೆಗೆದಳು. ಗಂಡ ಕೊನೆಯ ಸಲ ಹಣ ಕೊಟ್ಟದ್ದು ರಮಝಾನಿನ ಎಷ್ಟನೆಯ ದಿನ ಎಂದು ನೆನಪಿಸಿಕೊಂಡು, ಮೊದಲ ತಾರೀಖು ಬರೆದಳು.