ಕಲ್ಲಿನಿಂದ ಕಾಗದಕ್ಕೆ: ಮಸ್ಕಿ ಶಾಸನ ಮತ್ತು ಪಡಿಯಚ್ಚಿನ ಕಲೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಎಂಟು ಸಾಲುಗಳ ಬ್ರಾಹ್ಮೀ ಬರಹವನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇತ್ತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ಬಿರುದುಗಳು ಮಾತ್ರ ಇದ್ದವು. ಅವು ಅಶೋಕನವೇ ಎಂಬುದಕ್ಕೆ ಸಿಂಹಳದ ಪಾಳಿ ಗ್ರಂಥಗಳೇ ಮುಖ್ಯ ಆಧಾರವಾಗಿದ್ದವು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ 78 ವರ್ಷಗಳ ನಂತರ ಕಲ್ಲೇ ಸಾಕ್ಷಿ ನುಡಿಯಿತು.

ಬಂಡೆಯನ್ನು ಹೊತ್ತು ತರಲಾಗದು. ದೂರದ ವಿದ್ವಾಂಸರ ಮೇಜಿಗೆ ಇಂಥ ಬರಹಗಳನ್ನು ತಲುಪಿಸಿದ್ದು ಕೈಯಿಂದ ತೆಗೆದ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದದ ಸೆಲ್ಯುಲೋಸ್ ಎಳೆಗಳನ್ನು ಹಿಡಿದಿಟ್ಟಿರುವ ಹೈಡ್ರೊಜನ್ ಬಂಧಗಳು ನೀರಿನಿಂದ ಸಡಿಲವಾಗುತ್ತವೆಯಷ್ಟೆ. ಆಗ ಕಾಗದ ಹರಿಯದೆ ಅಕ್ಷರದ ಕುಳಿಗೆ ಇಳಿಯುತ್ತದೆ. ಒಣಗುವಾಗ ಬಂಧಗಳು ಮತ್ತೆ ಕೂಡಿ ಆ ಆಕಾರವೇ ಉಳಿಯುತ್ತದೆ. ಕಾಗದ ಅರೆ ಒಣಗಿದಾಗ, ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲನೆ ಒತ್ತಬೇಕು. ತೇವ ಹೆಚ್ಚಿದ್ದರೆ ಲೋಮನಾಳ ಕ್ರಿಯೆಯಿಂದ ಮಸಿ ಹರಡಿ ಅಕ್ಷರ ಕೆಡುತ್ತದೆ. ಈ ಹದ ಪುಸ್ತಕದಿಂದ ಬರುವುದಲ್ಲ.

ಕುಳಿಗೆ ಮಸಿ ತಾಗದು. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರ ಮೂಡುತ್ತದೆ. ಮರದ ಅಚ್ಚಿನಲ್ಲಿ ಮಸಿ ಬೀಳುವುದು ಅಚ್ಚಿಗೆ, ಆದ್ದರಿಂದ ಅಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕು. ಇಲ್ಲಿ ಮಸಿ ಬೀಳುವುದು ಕಾಗದದ ಹೊರಮೈಗೆ; ಬರಹ ನೇರವಾಗಿಯೇ, ಕಲ್ಲಿನಷ್ಟೇ ಗಾತ್ರದಲ್ಲಿ ಬರುತ್ತದೆ.

ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಕಣ್ಣಿನಿಂದ ನೋಡಿ ಬರೆದ ನಕಲಿನಲ್ಲಿ ನಕಲುಗಾರನ ಊಹೆಯೂ ಸೇರಿಬಿಡುತ್ತದೆ. ಪಡಿಯಚ್ಚಿಗೆ ಅಕ್ಷರವೂ ಬಿರುಕೂ ಒಂದೇ. ಮಸ್ಕಿಯ ಬಂಡೆ ಅಲ್ಲಲ್ಲಿ ಸವೆದಿದೆ. ಅಶೋಕ ತನ್ನನ್ನು 'ಬುದ್ಧಶಾಕ್ಯ' ಎಂದುಕೊಂಡನೋ 'ಉಪಾಸಕ' ಎಂದುಕೊಂಡನೋ ಎಂಬ ವಿದ್ವಾಂಸರ ಭಿನ್ನಾಭಿಪ್ರಾಯ ನಿಂತಿರುವುದು ಕೆಲವೇ ಅಕ್ಷರಗಳ ಮೇಲೆ. ಅಂಥ ಕಡೆ ಯಾರಾದರೂ ಪಡಿಯಚ್ಚನ್ನು ಲೇಖನಿಯಿಂದ ತಿದ್ದಿದರೆ ಸಾಕ್ಷ್ಯವೇ ಹಾಳು. ಫೋಟೋಗೆಂದು ಅಕ್ಷರಗಳಿಗೆ ಸುಣ್ಣ ಬಳಿಯುವುದೂ ಇಂಥದೇ ಅಪಚಾರ.

2021ರಿಂದೀಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆಸಿದೆ. ಬೆಳಕಿನ ಈ ವಿಧಾನದಲ್ಲಿ ಕಲ್ಲಿಗೆ ನೀರೂ ತಾಗದು, ಮಸಿಯೂ ತಾಗದು. ಆದರೆ ಆ ಬಳಿಕ ಸವೆದ ಅಕ್ಷರಕ್ಕೆ ಹಳೆಯ ಕಾಗದದ ಹಾಳೆಯನ್ನೇ ಬಿಡಿಸಿ ನೋಡಬೇಕು.