ಕುಂಬಳೆಯ ಮರುವಾಯಿ

ಕಾಸರಗೋಡಿನ ಗಡಿ ವಿವಾದದ ಕುರಿತು ಕಲಬುರಗಿಯಲ್ಲಿ ಕೂತು ಓದುತ್ತಿದ್ದ ನನಗೆ ನಡುವೆ ಸಿಕ್ಕಿದ್ದು ಒಂದು ಸಾವಿನ ಸುದ್ದಿ. 1983ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಒಬ್ಬ ಹುಡುಗ ಸತ್ತ, ಹಲವರು ಆಸ್ಪತ್ರೆ ಸೇರಿದರು. ಮರುವಾಯಿ ತುಳುವರ ಮಾತು. ಉತ್ತರ ಕನ್ನಡದ ಕಡೆ ಬಳಚು ಅನ್ನುತ್ತಾರೆ. ಅದಕ್ಕೆ ದೋಣಿ ಬೇಡ, ಬಲೆ ಬೇಡ. ನೀರು ಇಳಿದಾಗ ಕೆಸರಿಗೆ ಕೈ ಹಾಕಿದರೆ ಒಂದು ಹೊತ್ತಿನ ಸಾರಿಗಾಗುವಷ್ಟು ಸಿಗುತ್ತದೆ. ಹೀಗಾಗಿ ಕಾಸಿಲ್ಲದ ಮನೆಗೂ ಎಟುಕುವ ಊಟ ಅದು.

ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1984ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದನ್ನು ದಾಖಲಿಸಿದರು. ವಿಷ ಮರುವಾಯಿಯದ್ದಲ್ಲ, ಅದು ತಿಂದ ಪಾಚಿಯದ್ದು. ಡೈನೋಫ್ಲಾಜೆಲೇಟ್ ಎಂಬ ಬರಿಗಣ್ಣಿಗೆ ಕಾಣದ ಪಾಚಿಗಳಲ್ಲಿ ಕೆಲವು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಅವು ಹುಲುಸಾಗಿ ಬೆಳೆದಾಗ, ನೀರು ಸೋಸಿ ಬದುಕುವ ಚಿಪ್ಪುಜೀವಿಗಳ ಮೈಯಲ್ಲಿ ವಿಷ ಕೂಡುತ್ತಾ ಹೋಗುತ್ತದೆ. ತಿಂದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಬೆರಳು. ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ನಿಂತುಬಿಡುತ್ತವೆ.

ಕಮಲಾಪುರದ ಮನೆಯಲ್ಲಿ ಇದನ್ನು ಹೇಳಿದಾಗ, ಕಡಲನ್ನೇ ಕಾಣದ ಅವ್ವ ಕೇಳಿದ್ದು ಒಂದೇ ಮಾತು: "ಕುದಸಿದ್ರ ಹೋಗಂಗಿಲ್ಲೇನು?" ಹೋಗುವುದಿಲ್ಲ. ರುಚಿ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಇದಕ್ಕೆ ಮದ್ದೂ ಇಲ್ಲ; ವಿಷ ಮೈಯಿಂದ ಇಳಿಯುವ ತನಕ ಯಂತ್ರದ ನೆರವಿನಿಂದ ಉಸಿರಾಟ ನಡೆಸಬೇಕು. ಅಡುಗೆಮನೆಯ ಯಾವ ಜಾಣ್ಮೆಯೂ ಇಲ್ಲಿ ನಡೆಯುವುದಿಲ್ಲವೆಂದು ಅವ್ವನಿಗೆ ಒಪ್ಪಿಸುವುದು ಸುಲಭವಾಗಲಿಲ್ಲ.

1793ರಲ್ಲೇ ಕ್ಯಾಪ್ಟನ್ ವ್ಯಾಂಕೂವರನ ನಾವಿಕ ಜಾನ್ ಕಾರ್ಟರ್ ಈಗಿನ ಕೆನಡಾದ ಕರಾವಳಿಯಲ್ಲಿ ಇಂಥದೇ ಚಿಪ್ಪು ತಿಂದು ಸತ್ತಿದ್ದ. ಅವನು ಆ ಚಿಪ್ಪು ತಿಂದ ಜಾಗಕ್ಕೆ ಪಾಯ್ಸನ್ ಕೋವ್ ಎಂದು ಹೆಸರೂ ಬಂತು. ನಮ್ಮಲ್ಲಿ 1981ರಲ್ಲಿ ತಮಿಳುನಾಡಿನಲ್ಲಿ 3 ಜನ ಸತ್ತರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ 7 ಸಾವು, 500ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ. ಇವೆರಡರ ನಡುವೆ ಕುಂಬಳೆಯದು ಒಂದು ಸಾಲು.

ಆ ಸಾಲೂ ನೆಟ್ಟಗೆ ಒಂದು ಊರಿಗೆ ಸೇರಿಲ್ಲ. 1956ರಲ್ಲೇ ಕಾಸರಗೋಡು ತಾಲೂಕು ಕೇರಳಕ್ಕೆ ಹೋಗಿತ್ತು. ಚಂದ್ರಗಿರಿಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು; ಕುಂಬಳೆ ಅದೇ ಭಾಗದಲ್ಲಿದೆ. ಹುಡುಗ ಸತ್ತಾಗ ಅದು ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ವಿಜ್ಞಾನಿಗಳ ಲೇಖನದ ಶೀರ್ಷಿಕೆಯಲ್ಲಿರುವುದು ಮಂಗಳೂರು. ಅವರನ್ನು ದೂರಲಾರೆ, ಮಂಗಳೂರಿನ ಪ್ರಯೋಗಾಲಯಕ್ಕೆ ಕುಂಬಳೆ ನೆರೆಯೂರು, ಪಾಚಿಗೆ ರಾಜ್ಯದ ಗಡಿ ಗೊತ್ತಿಲ್ಲ. ಆದರೆ ಪರಿಹಾರ, ಎಚ್ಚರಿಕೆ, ನೆನಪು ಇವೆಲ್ಲ ಗಡಿಯ ಲೆಕ್ಕದಲ್ಲೇ ನಡೆಯುತ್ತವೆ.

ನಾನು ಓದಿದ ಕಡೆಗಳಲ್ಲಿ ಮರುವಾಯಿಗೆ ಮೆರೆಟ್ರಿಕ್ಸ್ ಕಾಸ್ಟಾ ಎಂಬ ಪೂರ್ತಿ ಹೆಸರಿದೆ. ಹುಡುಗ ಬರೀ 'ಹುಡುಗ'. ನನ್ನ ಅಧ್ಯಾಯದಲ್ಲಿ ಅವನನ್ನು ಯಾವ ಜಿಲ್ಲೆಯ ಕೆಳಗೆ ಸೇರಿಸಲಿ ಎಂದು ಯೋಚಿಸಿ, ಸದ್ಯಕ್ಕೆ ಕುಂಬಳೆ ಎಂದಷ್ಟೇ ಬರೆದಿದ್ದೇನೆ.