ಮತಪರೀಕ್ಷೆಯೂ ನೀಲಕಂಠ ಗೋರೆಯವರೂ

ಕ್ರೈಸ್ತಮತವನ್ನು ಯುಕ್ತಿಯಿಂದ ಸಮರ್ಥಿಸುವ ಪ್ರಯತ್ನವು ಎರಡನೆಯ ಶತಮಾನದ ಜಸ್ಟಿನ್‌ನಷ್ಟು ಪ್ರಾಚೀನವಾದುದು. ಅದು ನಮ್ಮ ದೇಶದಲ್ಲಿ ಸಂಸ್ಕೃತದ ವೇಷ ತೊಟ್ಟು ಪಂಡಿತರ ಮುಂದೆ ನಿಂತ ಪ್ರಸಂಗವೊಂದನ್ನು ಇಲ್ಲಿ ಪರಿಶೀಲಿಸಬಹುದು.

ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯಾಗಿದ್ದ ಜಾನ್ ಮ್ಯೂರ್ ಅವರು 1839ರಲ್ಲಿ ‘ಮತಪರೀಕ್ಷಾ’ ಎಂಬ ಪದ್ಯಗ್ರಂಥವನ್ನು ಗುರುಶಿಷ್ಯಸಂವಾದದ ರೂಪದಲ್ಲಿ ಪ್ರಕಟಿಸಿದರು. ಸತ್ಯವಾದ ಮತಕ್ಕೆ ಅವರು ಹೇಳಿದ ಲಕ್ಷಣಗಳು ಮೂರು: ಪ್ರವರ್ತಕನ ಪವಾಡಶಕ್ತಿ, ಪಾವಿತ್ರ್ಯ, ಶಾಸ್ತ್ರದ ಸಾರ್ವತ್ರಿಕತೆ. ಭಾಷೆ ಕಾಶಿಯದಾದರೂ ತರ್ಕವು ಇಂಗ್ಲೆಂಡಿನ ವಿಲಿಯಂ ಪೇಲಿಯದು. 1794ರಲ್ಲಿ ಹೊರಬಂದ ಪೇಲಿಯ ಗ್ರಂಥವು ಸಾಕ್ಷಿಗಳ ಪ್ರಾಮಾಣಿಕತೆಯಿಂದ ಪವಾಡಗಳನ್ನು ಸಾಧಿಸಿ, ಆ ಪವಾಡಗಳಿಂದ ಮತವನ್ನು ಸಾಧಿಸಹೊರಡುತ್ತದೆ. ಎಂಥ ಸಾಕ್ಷ್ಯವೂ ಪವಾಡಕ್ಕೆ ಸಾಲದೆಂದ ಹ್ಯೂಮನಂಥವರಿಗೆ ಅದು ಉತ್ತರವಾದೀತು. ಆದರೆ ಪುರಾಣಗಳನ್ನು ಬಾಲ್ಯದಿಂದ ಕೇಳಿದವರಿಗೆ ಪವಾಡವು ದುರ್ಲಭ ವಸ್ತುವೇ?

ಮ್ಯೂರ್ ಅವರಿಗೆ ಮೂವರು ಪಂಡಿತರು ಸಂಸ್ಕೃತದಲ್ಲಿಯೇ ಉತ್ತರವಿತ್ತರು. ಸೋಮನಾಥನೆಂಬ ಹೆಸರಿನಲ್ಲಿ ಬರೆದ ಸುಬಾಜಿ ಬಾಪು ಅವರದು ಸೌಮ್ಯವಾದ ಉತ್ತರ. 1840ರ ಹರಚಂದ್ರ ತರ್ಕಪಂಚಾನನರದು ಕಟುವಾದುದು. ಮೂರನೆಯವರು ನೀಲಕಂಠ ಗೋರೆ, ಕಾಶಿಯಲ್ಲಿ ಬೆಳೆದ ಮಹಾರಾಷ್ಟ್ರ ಬ್ರಾಹ್ಮಣ ಯುವಕರು. 1844–45ರ ತಮ್ಮ ‘ಶಾಸ್ತ್ರತತ್ತ್ವವಿನಿರ್ಣಯ’ದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಅವರು ಚರ್ಚೆಯ ನೆಲೆಯನ್ನೇ ಬದಲಿಸಿದರು. ಶ್ರುತಿಯನ್ನು ಅನುಸರಿಸದ ತರ್ಕಕ್ಕೆ ನಿಲುಗಡೆಯಿಲ್ಲ. ಶ್ರದ್ಧೆ ಮೊದಲು, ಯುಕ್ತಿ ಆಮೇಲೆ ಎಂಬುದು ಅವರ ನಿಲುವು. ಅದರ ಜೊತೆಗೇ ಇನ್ನೊಂದು ತೀಕ್ಷ್ಣವಾದ ಆಕ್ಷೇಪ ಬರುತ್ತದೆ: ಪೂರ್ವಜನ್ಮವಿಲ್ಲವೆಂದರೆ ಜೀವಿಗಳು ಹುಟ್ಟಿನಿಂದಲೇ ಪಡುವ ದುಃಖದ ಹೊಣೆ ದೇವರ ಮೇಲೆಯೇ ಬೀಳುವುದಲ್ಲವೇ? ಇದಕ್ಕೆ ಪೇಲಿಯ ಸಾಕ್ಷಿಗಳಲ್ಲಿ ಉತ್ತರವಿರಲಿಲ್ಲ.

ಹೀಗೆ ಬರೆದವರೇ, ಕಾಶಿಯ ಮಿಷನರಿ ವಿಲಿಯಂ ಸ್ಮಿತ್ ಅವರನ್ನು ವಾದದಲ್ಲಿ ಜಯಿಸಲು ಹೋಗಿ, 1848ರಲ್ಲಿ ಜೌನ್‌ಪುರದಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮಿಯಾ ಎನಿಸಿದರು. ತರ್ಕವೊಂದೇ ಇದಕ್ಕೆ ಕಾರಣವೆಂದು ಹೇಳುವ ಧೈರ್ಯ ನಮಗಿಲ್ಲ. ಮನುಷ್ಯನ ಮನಸ್ಸು ಅಷ್ಟು ಸರಳವಲ್ಲ. ಆದರೆ ಅವರು ಪಂಡಿತರ ಪದ್ಧತಿಯನ್ನು ಕೈಬಿಡಲಿಲ್ಲ. 1860ರಲ್ಲಿ ಹಿಂದಿಯಲ್ಲಿ ಪ್ರಕಟವಾದ ಅವರ ‘ಷಡ್ದರ್ಶನದರ್ಪಣ’ವು ದರ್ಶನಗಳನ್ನು ಅವುಗಳ ಪರಿಭಾಷೆಯಲ್ಲಿಯೇ ಪ್ರಶ್ನಿಸುತ್ತದೆ. ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕವೆಂಬ ಮೂರು ಸತ್ತೆಗಳ ವಿಭಾಗವು ನಿಲ್ಲುವುದೇ? ಏನನ್ನೂ ಅರಿಯದ ಬ್ರಹ್ಮವನ್ನು ಚಿತ್ ಎನ್ನುವುದಾದರೆ ಅದಕ್ಕೂ ಕಲ್ಲಿಗೂ ಏನು ಭೇದ? ಅದ್ವೈತಿಗಳು ಈ ಪ್ರಶ್ನೆಗಳನ್ನು ಒಪ್ಪಬೇಕಾಗಿಲ್ಲ. ಸ್ವಪ್ರಕಾಶವಾದ ಚೈತನ್ಯಕ್ಕೆ ವಿಷಯಜ್ಞಾನದ ಅಪೇಕ್ಷೆಯಿಲ್ಲವೆಂದು ಅವರು ಹೇಳಿಯಾರು. ಆದರೂ ಇದು ಪೂರ್ವಪಕ್ಷವನ್ನು ಬಲ್ಲವರ ಪ್ರಶ್ನೆ, ಮ್ಯೂರ್ ಅವರಿಗೆ ಸಾಧ್ಯವಾಗದಿದ್ದುದು. ಹಿಂದೆ ತಾವೇ ಆಶ್ರಯಿಸಿದ್ದ ಜೀವರ ಅನಾದಿತ್ವವನ್ನೂ ಜನ್ಮಪರಂಪರೆಯನ್ನೂ ಗೋರೆಯವರು ಈಗ ಎದುರುಪಕ್ಷದಲ್ಲಿ ನಿಂತು ಆಕ್ಷೇಪಿಸಿದರು.

1862ರಲ್ಲಿ ಈ ಗ್ರಂಥವನ್ನು ಫಿಟ್ಜ್‌ಎಡ್ವರ್ಡ್ ಹಾಲ್ ಇಂಗ್ಲಿಷಿಗೆ ತಂದರು. ಅದೇ ವರ್ಷ ಮ್ಯೂರ್ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತಪೀಠವನ್ನು ಸ್ಥಾಪಿಸಿದರು. ಖಂಡನೆಗೆಂದು ಹಿಡಿದ ಭಾಷೆಯ ಮೂಲಗ್ರಂಥಗಳನ್ನು ಸಂಗ್ರಹಿಸುವ ಕೆಲಸ ಆಗ ಅವರನ್ನು ಪೂರ್ತಿಯಾಗಿ ಆವರಿಸಿತ್ತು. ಗೋರೆಯವರು 1870ರಲ್ಲಿ ಪಾದ್ರಿಯಾದರು, 1895ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.